ಮೊದಲ ಬೌಟ್‌ನಲ್ಲಿ ನನ್ನನ್ನು ಕಾಡಿದ್ದು ಏಟಲ್ಲ, ಉಸಿರು

ಬಾಕ್ಸಿಂಗ್ ಮಾಡುತ್ತೇನೆ ಅಂದರೆ ಜನ ಮೊದಲು ಕೇಳುವುದು ಒಂದೇ ಮಾತು: "ಮುಖಕ್ಕೆ ಏಟು ಬಿದ್ರೆ ನೋವಾಗಲ್ವಾ?" ಆಗುತ್ತದೆ. ಆದರೆ ಆ ಹೊತ್ತಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಮೂಗಿಗೆ ಬಿದ್ದರೆ ಕಣ್ಣಲ್ಲಿ ನೀರು ತುಂಬುತ್ತದೆ. ಪಕ್ಕೆಗೆ ಬಿದ್ದರೆ ಮೈ ತಾನಾಗಿ ಬಾಗುತ್ತದೆ. ನಿಜವಾಗಿ ಕಾಡುವುದು ಉಸಿರು. ತಿಂಗಳುಗಟ್ಟಲೆ ಬೆಳಗ್ಗೆ ಎದ್ದು ಓಡಿದವನಿಗೂ ಮೊದಲ ಪಂದ್ಯದಲ್ಲಿ, ಅಂದರೆ ಮೊದಲ ಬೌಟ್‌ನಲ್ಲಿ ಒಂದು ನಿಮಿಷ ಕಳೆಯುವುದರೊಳಗೆ ಏದುಸಿರು ಶುರುವಾಗುತ್ತದೆ. ಅದು ಯಾಕೆ ಹಾಗೆ, ಅದಕ್ಕೆ ನಾವು ಹೇಗೆ ತಯಾರಾದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಟೂರ್ನಮೆಂಟ್‌ಗೆ ಹೆಸರು ಕೊಟ್ಟು ಕಾಯುತ್ತಿರುವವರು ಯಾರಾದರೂ ಓದಲಿ ಅಂತ ನನ್ನ ಆಸೆ.

ನನ್ನದು ದಾವಣಗೆರೆ ಕಡೆ ಊರು. ನಮ್ಮಲ್ಲಿ ಕುಸ್ತಿ ಗೊತ್ತು, ಗರಡಿ ಮನೆ ಗೊತ್ತು. ಬಾಕ್ಸಿಂಗ್ ಟೀವಿಯಲ್ಲಿ ನೋಡಿದ್ದಷ್ಟೇ. ನನ್ನ ಸೋದರಮಾವ ಜಾತ್ರೆ ಕುಸ್ತಿಗೆ ಇಳಿಯುತ್ತಿದ್ದವರು. ಚಿಕ್ಕವನಿದ್ದಾಗ ಅವರ ಹಿಂದೆ ಗರಡಿಗೆ ಹೋಗಿ ಕೆಮ್ಮಣ್ಣಲ್ಲಿ ಹೊರಳಾಡಿದ್ದೇನೆ, ಬಸ್ಕಿ ಹೊಡೆದಿದ್ದೇನೆ. ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದ ಮೇಲೆ, ನನ್ನ ರೂಮಿನ ಹತ್ತಿರ ಒಂದು ಬಾಕ್ಸಿಂಗ್ ಕ್ಲಬ್ ಇರುವುದು ಗೊತ್ತಾಯಿತು. ಕಲಿಸುವವರು ಸೈನ್ಯದಲ್ಲಿದ್ದಾಗ ಬಾಕ್ಸಿಂಗ್ ಆಡಿದವರು. ನಾವೆಲ್ಲ ಸರ್ ಅಂತಲೇ ಕರೆಯುತ್ತೇವೆ.

ಗರಡಿಯಲ್ಲಿ ಕಾಲಿಗೆ ಬಂದಿದ್ದ ಬಲ ಇಲ್ಲಿ ತುಂಬಾ ಉಪಯೋಗಕ್ಕೆ ಬಂತು. ಆದರೆ ಕುಸ್ತಿಯ ಇನ್ನೊಂದು ಅಭ್ಯಾಸವನ್ನು ಬಿಡಿಸುವುದಕ್ಕೆ ಸರ್‌ಗೆ ಸಾಕುಬೇಕಾಯಿತು. ಎದುರಾಳಿ ಹತ್ತಿರ ಬಂದರೆ ನನ್ನ ಕೈ ಹಿಡಿಯುವುದಕ್ಕೇ ಹೋಗುತ್ತಿತ್ತು. ಬಾಕ್ಸಿಂಗ್‌ನಲ್ಲಿ ಹಿಡಿದರೆ ರೆಫರಿ ನಿಲ್ಲಿಸುತ್ತಾರೆ. ಮೊದಲು ಎಚ್ಚರಿಸುತ್ತಾರೆ. ಮತ್ತೆ ಮತ್ತೆ ಹಿಡಿದರೆ ವಾರ್ನಿಂಗ್, ವಾರ್ನಿಂಗ್ ಬಂತು ಅಂದರೆ ಪಾಯಿಂಟ್ ಹೋಯಿತು. ಹತ್ತಿರ ಬಂದಾಗ ಕೈ ಮಡಚಿ ಹೊಟ್ಟೆಗೆ ಹೊಡೆ, ಇಲ್ಲ ಪಕ್ಕಕ್ಕೆ ಸರಿ, ಇದನ್ನೇ ಸರ್ ದಿನಾ ಹೇಳುತ್ತಿದ್ದರು.

ಈಗ ಉಸಿರಿನ ವಿಷಯ. ಹೊಸಬರು ಪಂಚ್ ಹೊಡೆಯುವಾಗ ಉಸಿರು ಬಿಗಿ ಹಿಡಿಯುತ್ತಾರೆ. ಎದುರಿನಿಂದ ಪಂಚ್ ಬರುವಾಗಲೂ ಅಷ್ಟೇ. ಮೈ ಗಟ್ಟಿಯಾಗುತ್ತದೆ, ಭುಜ ಕಿವಿಯ ಹತ್ತಿರ ಏರುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ. ಬಿಗಿಯಾದ ಸ್ನಾಯು ಸುಮ್ನೆ ಇದ್ದರೂ ಶಕ್ತಿ ಖರ್ಚು ಮಾಡುತ್ತಲೇ ಇರುತ್ತದೆ. ಇದರ ಮೇಲೆ ಭಯ ಬೇರೆ. ಗಂಟೆ ಹೊಡೆಯುವುದಕ್ಕೆ ಮೊದಲೇ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಹಾಗಾಗಿ ಎಷ್ಟು ಫಿಟ್ ಇದ್ದರೂ ಮೊದಲ ಬೌಟ್‌ನಲ್ಲಿ ದಮ್ಮು ಬೇಗ ಕಟ್ಟುತ್ತದೆ.

ಇದಕ್ಕೆ ಸರ್ ಮಾಡಿಸಿದ್ದು ಎರಡು ಕೆಲಸ. ಒಂದು, ಪ್ರತಿ ಪಂಚ್‌ಗೂ ಹಲ್ಲಿನ ಸಂದಿಯಿಂದ "ಸ್ಸ್" ಅಂತ ಉಸಿರು ಬಿಡುವುದು. ಗಾಳಿಗೆ ಹೊಡೆಯುವ ಶ್ಯಾಡೋ ಬಾಕ್ಸಿಂಗ್ ಇರಲಿ, ಬ್ಯಾಗ್ ಇರಲಿ, ಸರ್ ಕೈಯಲ್ಲಿ ಹಿಡಿಯುವ ಪ್ಯಾಡ್ ಇರಲಿ, ಸದ್ದು ಕೇಳಿಸಲಿಲ್ಲ ಅಂದರೆ ಆ ಪಂಚ್ ಲೆಕ್ಕಕ್ಕಿಲ್ಲ. ಎರಡನೆಯದು, ಓಟದ ರೀತಿ ಬದಲಿಸಿದ್ದು. ನಿಧಾನವಾಗಿ ದೂರ ಓಡುವುದು ಬೇಕು, ಅದು ಬುನಾದಿ. ಆದರೆ ಬೌಟ್ ಹಾಗಿರುವುದಿಲ್ಲ ಅಲ್ವಾ? ಜೋರು, ಸ್ವಲ್ಪ ಬಿಡುವು, ಮತ್ತೆ ಜೋರು. ಅದಕ್ಕೇ ವಾರದಲ್ಲಿ ಕೆಲವು ದಿನ ಎರಡು ನಿಮಿಷ ಪೂರ್ತಿ ದಮ್ಮು ಹಾಕಿ ಓಡಿಸಿ, ಒಂದು ನಿಮಿಷ ನಡೆಸಿ, ಮತ್ತೆ ಓಡಿಸುತ್ತಿದ್ದರು. ದೊಡ್ಡವರ ಅಮೆಚೂರ್ ಬೌಟ್ ಅಂದರೆ ಮೂರು ನಿಮಿಷದ ಮೂರು ರೌಂಡ್, ನಡುವೆ ಒಂದೊಂದು ನಿಮಿಷ ಬಿಡುವು. ನಾನು ಇಳಿಯಬೇಕಿದ್ದದ್ದು ಹೊಸಬರ ಟೂರ್ನಮೆಂಟ್, ಅಲ್ಲಿ ಎರಡು ನಿಮಿಷದ ರೌಂಡ್ ಇತ್ತು. ನಡೆಯುವ ಆ ಒಂದು ನಿಮಿಷದಲ್ಲಿ ಮೂಗಿನಿಂದ ಎಳೆದು ಬಾಯಿಂದ ನಿಧಾನವಾಗಿ ಬಿಟ್ಟು ಉಸಿರನ್ನು ಹತೋಟಿಗೆ ತರಬೇಕು. ಓಡುವುದಕ್ಕಿಂತ ಇದೇ ಮುಖ್ಯವಾದ ಪಾಠ ಅಂತ ನನಗೆ ಈಗಲೂ ಅನಿಸುತ್ತದೆ.

ಸ್ಪಾರಿಂಗ್, ಅಂದರೆ ಜೊತೆಯವರ ಎದುರು ನಿಂತು ಹೊಡೆದಾಡುವ ಅಭ್ಯಾಸ, ಅದರ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮಲ್ಲಿ ಜೋರು ಸ್ಪಾರಿಂಗ್ ವಾರಕ್ಕೆ ಒಂದೇ ಸಲ. ಯಾರಿಗಾದರೂ ತಲೆಗೆ ಬಿದ್ದು ಸ್ವಲ್ಪ ಮಂಕು ಕವಿದಂತೆ ಕಂಡರೂ ಸರ್ ಅಲ್ಲಿಗೇ ನಿಲ್ಲಿಸುತ್ತಿದ್ದರು. ಹೆಡ್‌ಗಾರ್ಡ್ ಹಾಕಿದ್ದೇನೆ, ಏನೂ ಆಗಲ್ಲ ಅಂತ ಕೆಲವರು ನಂಬುತ್ತಾರೆ. ಹೆಡ್‌ಗಾರ್ಡ್ ಚರ್ಮ ಸೀಳುವುದನ್ನು ತಡೆಯುತ್ತದೆ. ಮಿದುಳು ಅಲುಗಾಡುವುದನ್ನು ತಡೆಯುವುದಿಲ್ಲ. ಹೊಸ ಹುಡುಗರನ್ನು ಮೊದಲ ವಾರವೇ ಹಳಬರ ಮುಂದೆ ನಿಲ್ಲಿಸಿ ಹೊಡೆಸುವ ಜಾಗ ಕಂಡರೆ ದಯವಿಟ್ಟು ಬಿಟ್ಟು ಬನ್ನಿ.

ನಾನು ಇಳಿದದ್ದು 60 ಕೆ.ಜಿ. ವಿಭಾಗದಲ್ಲಿ. ನನ್ನ ತೂಕ ಅದರ ಆಸುಪಾಸಿನಲ್ಲೇ ಇರುತ್ತಿತ್ತು. ರಾತ್ರಿ ಅನ್ನ ಕಡಿಮೆ ಮಾಡಿ, ಒಂದು ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ ತಿಂದರೆ ಸಾಕಾಗುತ್ತಿತ್ತು. ಬೆಣ್ಣೆ ದೋಸೆ ಮಾತ್ರ ಊರಿಗೆ ಹೋದಾಗಲೂ ಬಿಟ್ಟೆ. ನೀರು ಬಿಟ್ಟು, ಸ್ವೆಟರ್ ಹಾಕಿಕೊಂಡು ಓಡಿ ತೂಕ ಇಳಿಸುವುದಕ್ಕೆ ಸರ್ ಒಪ್ಪಲೇ ಇಲ್ಲ. ಮೈಯಲ್ಲಿ ನೀರಿಲ್ಲದೆ ಇಳಿದರೆ ಮೊದಲು ಹೋಗುವುದು ದಮ್ಮು, ಜೊತೆಗೆ ತಲೆಗೆ ಬೀಳುವ ಏಟಿನ ಅಪಾಯವೂ ಜಾಸ್ತಿ. ಮೊದಲ ಬೌಟ್ ಅನ್ನು ಸಹಜ ತೂಕದಲ್ಲೇ ಆಡಬೇಕು.

ಹಲ್ಲು ಕಾಪಾಡಲು ಬಾಯಲ್ಲಿ ಇಟ್ಟುಕೊಳ್ಳುವ ಗಮ್‌ಶೀಲ್ಡ್‌ಗೂ ಉಸಿರಿಗೂ ಸಂಬಂಧ ಇದೆ. ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ಕಚ್ಚಿ, ಹಲ್ಲಿನ ಅಚ್ಚು ಕೂರಿಸಿಕೊಳ್ಳಬೇಕು. ಸರಿಯಾಗಿ ಕೂತರೆ ಬಾಯಿ ಸ್ವಲ್ಪ ಸಡಿಲಾದರೂ ಬೀಳುವುದಿಲ್ಲ, ಉಸಿರಾಡಬಹುದು. ಸಡಿಲ ಇದ್ದರೆ ಅದನ್ನು ಹಿಡಿದುಕೊಳ್ಳುವುದಕ್ಕೇ ದವಡೆ ಬಿಗಿಯಬೇಕು. ಕೆಂಪು ಬಣ್ಣದ್ದು ಮಾತ್ರ ತೆಗೆದುಕೊಳ್ಳಬೇಡಿ, ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ಬಾಯಲ್ಲಿ ರಕ್ತ ಬಂದರೆ ರೆಫರಿಗೆ ಕಾಣಬೇಕಲ್ಲ.

ಬೌಟ್ ದಿನ ಬೆಳಗ್ಗೆ ತೂಕ. ಆಮೇಲೆ ಡಾಕ್ಟರು ಬಿಪಿ, ನಾಡಿ, ಕಣ್ಣು, ಕೈಯ ಮೂಳೆ ಎಲ್ಲ ನೋಡಿದರು. ಡ್ರಾನಲ್ಲಿ ನನಗೆ ನೀಲಿ ಕಾರ್ನರ್, ಅಂದರೆ ರಿಂಗ್‌ನ ನೀಲಿ ಮೂಲೆ ಬಂತು, ಎದುರಾಳಿಗೆ ಕೆಂಪು. ಬೌಟ್ ಇದ್ದದ್ದು ಮಧ್ಯಾಹ್ನದ ಮೇಲೆ. ಈ ಕಾಯುವ ಹೊತ್ತಿನ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ. ನನ್ನ ಪ್ರಕಾರ ಅರ್ಧ ಬೌಟ್ ಅಲ್ಲೇ ನಡೆದು ಹೋಗುತ್ತದೆ.

ಇಡ್ಲಿ, ಬಾಳೆಹಣ್ಣು ತಿಂದೆ. ತಿಂದದ್ದು ಗಂಟಲಲ್ಲೇ ನಿಂತ ಹಾಗಿತ್ತು. ಬಾತ್‌ರೂಮಿಗೆ ಮೇಲಿಂದ ಮೇಲೆ ಹೋಗಬೇಕು ಅನಿಸುತ್ತಿತ್ತು. ವಿಚಿತ್ರ ಅಂದರೆ ಆಕಳಿಕೆ. ಅಷ್ಟು ಭಯ ಇದ್ದರೂ ಒಂದರ ಹಿಂದೆ ಒಂದು ಆಕಳಿಕೆ. ಕೈಕಾಲಲ್ಲಿ ಬಲವೇ ಇಲ್ಲ ಅನಿಸಿತು. ಸರ್‌ಗೆ ಹೇಳಿದೆ. "ಎಲ್ರಿಗೂ ಹಾಗೇ ಆಗುತ್ತೆ. ಮೈ ತಯಾರಾಗ್ತಾ ಇದೆ, ಅಷ್ಟೇ. ಮಲ್ಕೋ," ಅಂದರು. ಹಿಂದಿನ ಕೋಣೆಯಲ್ಲಿ ಟವೆಲ್ ಹಾಸಿ, ಕಾಲು ಗೋಡೆಗೆ ಎತ್ತಿ ಮಲಗಿಸಿದರು. ಬೇರೆಯವರ ಬೌಟ್ ನೋಡುವುದಕ್ಕೆ ಬಿಡಲಿಲ್ಲ. ಪ್ರತಿ ಏಟಿಗೂ ನೋಡುವವನ ಮೈಯೂ ಬಿಗಿಯುತ್ತದೆ, ಸಂಜೆಗೆ ಸುಸ್ತಾಗಿರುತ್ತಾನೆ ಅನ್ನುವುದು ಅವರ ಅನುಭವ.

ನನ್ನ ಬೌಟ್‌ಗೆ ಇನ್ನು ಮೂರ್ನಾಲ್ಕು ಜೋಡಿ ಇದೆ ಅನ್ನುವಾಗ ಎಬ್ಬಿಸಿ ಕೈಗೆ ಬ್ಯಾಂಡೇಜ್ ಸುತ್ತಿದರು. ಇದಕ್ಕೂ ಅಳತೆ ಇದೆ, ನಾಲ್ಕೂವರೆ ಮೀಟರ್‌ಗಿಂತ ಉದ್ದ ಇರಬಾರದು. ಮಣಿಕಟ್ಟು ಗಟ್ಟಿಯಾಗಿ, ಬೆರಳ ಗೆಣ್ಣಿನ ಮೇಲೆ ಪದರ ಪದರವಾಗಿ, ಮುಷ್ಟಿ ಕಟ್ಟಿದಾಗ ಬಿಗಿ, ಬಿಚ್ಚಿದಾಗ ಸಡಿಲ. ಆಮೇಲೆ ಶ್ಯಾಡೋ, ಆಮೇಲೆ ಪ್ಯಾಡ್. ನಾನು ಮೆಲ್ಲಗೆ ಹೊಡೆಯುತ್ತಿದ್ದೆ, ಶಕ್ತಿ ಉಳಿಸಬೇಕು ಅಂತ. ಸರ್ ಒಪ್ಪಲಿಲ್ಲ. ಬೆವರು ಇಳಿದು, ಒಂದು ಸಲ ಪೂರ್ತಿ ಏದುಸಿರು ಬರುವ ತನಕ ಹೊಡೆಸಿದರು. ಆಮೇಲೆ ನಡೆಸಿ ತಣ್ಣಗಾಗುವುದಕ್ಕೆ ಬಿಟ್ಟರು. ಮೊದಲ ಏದುಸಿರು ಹೊರಗೇ ಬಂದು ಹೋಗಲಿ, ರಿಂಗ್ ಒಳಗೆ ಬೇಡ ಅನ್ನುವುದು ಇದರ ಲೆಕ್ಕ. ಈ ಒಂದು ಉಪಾಯವನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ರಿಂಗ್ ಹಗ್ಗದ ಒಳಗೆ ಸುಮಾರು ಆರು ಮೀಟರ್ ಚೌಕ. ಪ್ರಾಕ್ಟೀಸಿನಲ್ಲಿ ಹಾಕುವ 16 ಔನ್ಸ್ ಗ್ಲೌಸ್ ಮುಂದೆ ಬೌಟ್‌ನ 10 ಔನ್ಸ್ ಗ್ಲೌಸ್ ಕೈಯಲ್ಲಿ ಇದ್ದಂತೆಯೇ ಇರಲಿಲ್ಲ. ದೊಡ್ಡ ಗಂಡಸರ ಬೌಟ್‌ಗಳಿಂದ 2013ರಲ್ಲೇ ಹೆಡ್‌ಗಾರ್ಡ್ ತೆಗೆದಿದ್ದಾರೆ, ನಮ್ಮ ಟೂರ್ನಮೆಂಟಿನಲ್ಲೂ ಇರಲಿಲ್ಲ. ಹೆಂಗಸರು ಈಗಲೂ ಹಾಕುತ್ತಾರೆ. ಕಿವಿಯ ಮೇಲೆ ಗಾಳಿ ಆಡಿದಾಗಲೇ ತಲೆ ಬರಿದಾಗಿದೆ ಅನ್ನುವುದು ಗೊತ್ತಾಯಿತು.

ಎದುರಿನ ಹುಡುಗ ನನಗಿಂತ ಎತ್ತರ, ಮೇಲಾಗಿ ಸೌತ್‌ಪಾ. ಬಲಗೈ, ಬಲಗಾಲು ಮುಂದೆ. ರೆಫರಿ "ಬಾಕ್ಸ್" ಅಂದದ್ದು ಕೇಳಿಸಿತು, ಆಮೇಲೆ ಸದ್ದೆಲ್ಲ ಎಲ್ಲೋ ಹೋಯಿತು. ಅವನ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಪಂಚ್, ಮೂಗಿಗೆ ಬಂತು. ಮತ್ತೆ ಬಂತು. ನಾನು ನುಗ್ಗಿದೆ, ಅವನು ಸರಿದ. ನಾಲ್ಕೈದು ಪಂಚ್ ಒಟ್ಟಿಗೆ ಬಿಟ್ಟೆ, ಒಂದೋ ಎರಡೋ ತಗುಲಿರಬೇಕು. ಒಂದು ನಿಮಿಷ ಆಗಿರಬಹುದು, ಎದೆ ಉರಿಯತೊಡಗಿತು, ತೋಳು ಭಾರವಾಯಿತು. ಆಗ ಕಾರ್ನರ್‌ನಿಂದ ಸರ್ ದನಿ ಒಂದೇ ಸಲ ಕಿವಿಗೆ ಬಿತ್ತು: "ಉಸಿರು!" ನಾನು "ಸ್ಸ್" ಅನ್ನತೊಡಗಿದೆ. ಭುಜ ಇಳಿಯಿತು. ಗಂಟೆ ಹೊಡೆಯುವ ಹೊತ್ತಿಗೆ ಅವನ ಜ್ಯಾಬ್ ಬರುವುದು ಕಾಣತೊಡಗಿತ್ತು.

ಬಿಡುವಿನ ಆ ಒಂದು ನಿಮಿಷದಲ್ಲಿ ಸರ್ ಮೊದಲು ಮಾತೇ ಆಡಲಿಲ್ಲ. ಗಮ್‌ಶೀಲ್ಡ್ ತೆಗೆದು, ಬಾಯಿ ಮುಕ್ಕಳಿಸಲು ನೀರು ಕೊಟ್ಟು, ಹೊಟ್ಟೆಯ ಮೇಲೆ ಕೈ ಇಟ್ಟು ಉಸಿರಾಡಿಸಿದರು. ಕೊನೆಗೆ ಒಂದೇ ವಿಷಯ ಹೇಳಿದರು: "ನಿನ್ ಎಡಗಾಲು ಅವನ ಬಲಗಾಲಿನ ಹೊರಗಡೆ ಇಡು. ಬಲಗೈ ನೇರ ಬಿಡು." ಹೊಸಬನ ತಲೆಗೆ ಆ ಹೊತ್ತಿನಲ್ಲಿ ಹೋಗುವುದು ಒಂದೇ ಮಾತು. ಕಾರ್ನರ್‌ನಲ್ಲಿ ನಿಲ್ಲುವವರಿಗೆ ಇದು ಗೊತ್ತಿರಬೇಕು.

ಎರಡನೇ ರೌಂಡ್‌ನಲ್ಲಿ ಬಲಗೈ ತಗುಲಿತು. ಗದ್ದಕ್ಕೆ, ಚೆನ್ನಾಗಿಯೇ. ಆದರೆ ಅದೇ ರೌಂಡ್‌ನಲ್ಲಿ ಅವನ ಎಡಗೈ ನೇರವಾಗಿ ಬಂದು ನನ್ನ ಕೆನ್ನೆಗೆ ಬಿತ್ತು. ನಾನು ಬೀಳಲಿಲ್ಲ, ಕಾಲು ಮಾತ್ರ ತಡವರಿಸಿತು. ರೆಫರಿ ನಿಲ್ಲಿಸಿ ಎಂಟರ ತನಕ ಎಣಿಸಿದರು. ಕೌಂಟ್ ಅಂದರೆ ಅವಮಾನ ಅಂತ ಎಷ್ಟೋ ಹುಡುಗರು ತಿಳಿದಿದ್ದಾರೆ. ಆಟಗಾರನನ್ನು ಕಾಪಾಡುವುದಕ್ಕೆ ಇರುವ ನಿಯಮ ಅದು. ಕೌಂಟ್ ಆಯಿತು ಅಂತ ಎದುರಾಳಿಗೆ ಹೆಚ್ಚಿನ ಪಾಯಿಂಟ್ ಕೂಡ ಇಲ್ಲ. ಪ್ರೊಫೆಷನಲ್ ಬಾಕ್ಸಿಂಗ್‌ಗೂ ನಮಗೂ ಇರುವ ದೊಡ್ಡ ವ್ಯತ್ಯಾಸಗಳಲ್ಲಿ ಇದೂ ಒಂದು. ಸರ್ ಇದನ್ನು ಮೊದಲೇ ಹೇಳಿಕೊಟ್ಟಿದ್ದರು: ಕೈ ಮೇಲೆ ಇರಲಿ, ರೆಫರಿ ಕಣ್ಣು ನೋಡು, ಎಂಟು ಎಣಿಸುವಷ್ಟು ಹೊತ್ತು ಉಸಿರಾಡು. ಹಾಗೇ ಮಾಡಿದೆ.

ಮೂರನೇ ರೌಂಡ್ ನನ್ನದು. ಈಗ ಬಾಯಿ ತೆರೆದು ಉಸಿರಾಡುತ್ತಿದ್ದದ್ದು ಅವನು. ಎತ್ತರದವರ ಹೊಟ್ಟೆ ನಮಗೆ ಹತ್ತಿರ. ಹೊರಗಿನಿಂದ ಕಾಲಿಟ್ಟು ಬಲಗೈ ಹೊಟ್ಟೆಗೆ, ಎಡಗೈಯಿಂದ ಹುಕ್, ಅಂದರೆ ಕೈ ಮಡಚಿ ಪಕ್ಕದಿಂದ ಹೊಡೆಯುವ ಪಂಚ್, ಮುಖಕ್ಕೆ. ಅವನ ಗಾರ್ಡ್ ಕೆಳಗೆ ಇಳಿಯಿತು. ಒಂದು ಸಲವೂ ಹಿಡಿಯಲಿಲ್ಲ ನಾನು. ಕೊನೆಯ ಗಂಟೆಯ ತನಕ ನನ್ನ "ಸ್ಸ್" ನನಗೇ ಕೇಳಿಸುತ್ತಿತ್ತು.

ತೀರ್ಪು 3–2, ಕೆಂಪು ಕಾರ್ನರ್‌ಗೆ. ಐದು ಜನ ಜಡ್ಜ್‌ಗಳು ರೌಂಡ್ ರೌಂಡ್‌ಗೆ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9 ಕೊಡುತ್ತಾರೆ. ಮೊದಲನೆಯದು ಅವನಿಗೆ, ಮೂರನೆಯದು ನನಗೆ. ಎರಡನೆಯದನ್ನು ಮೂವರು ಅವನ ಕಡೆ ಬರೆದರು, ಇಬ್ಬರು ನನ್ನ ಕಡೆ. ಎಲ್ಲರ ಲೆಕ್ಕವೂ 29–28 ಅಷ್ಟೇ, ಯಾರ ಕಡೆ ಅನ್ನುವುದು ಬೇರೆ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್‌ಗೆ ಇದೇ 3–2ರಲ್ಲಿ ಚಿನ್ನ ತಪ್ಪಿತ್ತು. ಆ ತೀರ್ಪಿನ ಗಲಾಟೆ ಆದ ಮೇಲೆ 1992ರ ಬಾರ್ಸಿಲೋನಾಕ್ಕೆ ಜಡ್ಜ್‌ಗಳು ಬಟನ್ ಒತ್ತಿ ಪಂಚ್ ಎಣಿಸುವ ಪದ್ಧತಿ ಬಂತು. 2008ರಲ್ಲಿ ವಿಜೇಂದರ್ ಸಿಂಗ್, 2012ರಲ್ಲಿ ಮೇರಿ ಕೋಮ್ ಕಂಚು ಗೆದ್ದದ್ದು ಆ ಪದ್ಧತಿಯಲ್ಲೇ. 2013ರಿಂದ ಈಗಿನ 10ರ ಲೆಕ್ಕ. ನನಗೆ ಈಗಿನದೇ ಹಿಡಿಸುತ್ತದೆ. ಹೊಟ್ಟೆಗೆ ಹೊಡೆದ ಒಳ್ಳೆ ಪಂಚ್‌ಗೂ ಇಲ್ಲಿ ಬೆಲೆ ಇದೆ. ನನ್ನ ಬೌಟ್‌ನ ವಿಡಿಯೋ ಆಮೇಲೆ ನೋಡಿದೆ. ಎರಡನೇ ರೌಂಡ್ ಅವನದೇ.

ಇಳಿದ ಕೂಡಲೇ ಡಾಕ್ಟರು ಮತ್ತೆ ನೋಡಿದರು. ತಲೆಗೆ ಏಟು ಬಿದ್ದು ಬೌಟ್ ನಿಂತು ಹೋದರೆ ಕನಿಷ್ಠ 30 ದಿನ ರಿಂಗ್‌ಗೆ ಇಳಿಯುವಂತಿಲ್ಲ ಅನ್ನುವ ನಿಯಮ ಇದೆ. ನನಗೆ ಅದು ಅನ್ವಯಿಸಲಿಲ್ಲ. ಆದರೂ ಸರ್ ಕೆಲವು ವಾರ ಸ್ಪಾರಿಂಗ್ ಕೊಡಲಿಲ್ಲ. ಓಟ, ಸ್ಕಿಪ್ಪಿಂಗ್ ಅಷ್ಟೇ.

ಸಂಜೆ ಮಾವನಿಗೆ ಫೋನ್ ಮಾಡಿದೆ. ಗೆದ್ದೆಯಾ, ಸೋತೆಯಾ ಅಂತ ಕೇಳಲಿಲ್ಲ ಅವರು. "ದಮ್ಮು ಎಲ್ಲಿ ತನ್ಕ ಬಂತು ಅಳಿಯಾ?" ಅಂದರು. "ಕೊನೇ ತನಕ ಬಂತು ಮಾವ," ಅಂದೆ. "ಹಂಗಾರೆ ಮುಂದಿನದಕ್ಕೆ ಹೆಸರು ಕೊಡು," ಅಂದರು.

ಕೊಟ್ಟಿದ್ದೇನೆ. ಈ ಸಲ ಮೂರು ನಿಮಿಷದ ರೌಂಡ್. ಓಟದ ಲೆಕ್ಕವನ್ನೂ ಸರ್ ಅದಕ್ಕೆ ತಕ್ಕ ಹಾಗೆ ಬದಲಿಸಿದ್ದಾರೆ. ಕ್ಲಬ್ಬಿನಲ್ಲಿ ಇರುವ ಇಬ್ಬರು ಸೌತ್‌ಪಾ ಹುಡುಗರ ಜೊತೆಗೇ ನನ್ನನ್ನು ಹೆಚ್ಚಾಗಿ ಬಿಡುತ್ತಿದ್ದಾರೆ. ಎಡಗಾಲು ಹೊರಗೆ ಇಡುವುದು ಈಗ ಯೋಚಿಸದೆ ಬರುತ್ತಿದೆ. ಬಲಗೈ ಬಿಟ್ಟ ಮೇಲೆ ಅದು ಗದ್ದಕ್ಕೆ ವಾಪಸ್ ಬರುವುದು ಇನ್ನೂ ನಿಧಾನ. ಈ ತಿಂಗಳು ಪೂರ್ತಿ ಅದರ ಮೇಲೆಯೇ ಕೆಲಸ.