ಅದೇ ಹಲಗೆ, ಎರಡು ಬೆಂಚು

ನಾನು ಮಾಡಿದ ಮೊದಲ ಬೆಂಚು ಮೂರೇ ತಿಂಗಳಲ್ಲಿ ಅಲುಗಾಡತೊಡಗಿತು. ಹಲಗೆ ಒಂದೂವರೆ ಇಂಚು ದಪ್ಪ ಇತ್ತು, ಕಾಲುಗಳೂ ದಪ್ಪವೇ. ಆದರೆ ಕಾಲುಗಳನ್ನು ಹಲಗೆಯ ಅಡಿಗೆ ಬರೀ ಸ್ಕ್ರೂ ಹಾಕಿ ನಿಲ್ಲಿಸಿದ್ದೆ. ಮೇಲಿಂದ ಎಷ್ಟು ಭಾರ ಬಿದ್ದರೂ ತಡೆಯುತ್ತಿತ್ತು. ಕೂತವರು ಪಕ್ಕಕ್ಕೆ ವಾಲಿದರೆ, ಯಾರಾದರೂ ಬೆಂಚನ್ನು ಎಳೆದರೆ ಕಾಲು ಓಲಾಡುತ್ತಿತ್ತು. ಹಾಗೆ ಓಲಾಡಿದಾಗೆಲ್ಲ ಸ್ಕ್ರೂವಿನ ತೂತು ಸ್ವಲ್ಪ ಸ್ವಲ್ಪ ಅಗಲವಾಗುತ್ತಾ ಹೋಯಿತು. ಮತ್ತೆ ಮತ್ತೆ ಬಿಗಿ ಮಾಡಿದೆ, ಉಪಯೋಗ ಆಗಲಿಲ್ಲ.

ಹಲಗೆ ಚೆನ್ನಾಗಿಯೇ ಇತ್ತು. ಹಾಗಾಗಿ ಅದನ್ನು ಬಿಚ್ಚಿಟ್ಟುಕೊಂಡು, ಕೆಳಗಿನ ಕಟ್ಟನ್ನು ಮಾತ್ರ ಹೊಸದಾಗಿ ಮಾಡಿದೆ. ಹಲಗೆ 42 ಇಂಚು ಉದ್ದ, 13 ಇಂಚು ಅಗಲ. ಕೂರುವ ಎತ್ತರ 18 ಇಂಚು ಬೇಕಿತ್ತು, ಅಂದರೆ ಕಾಲು ಹದಿನಾರೂವರೆ ಇಂಚು. ಕಾಲಿಗೆ 2 ಇಂಚಿನ ಚೌಕದ ತುಂಡು, ಕಾಲುಗಳನ್ನು ಸುತ್ತಲೂ ಜೋಡಿಸಲು 3 ಇಂಚು ಅಗಲ, 1 ಇಂಚು ದಪ್ಪದ ಪಟ್ಟಿ. ಮರವನ್ನು ತಂದು ಎರಡು ವಾರ ಮನೆಯೊಳಗೇ ಬಿಟ್ಟೆ, ನಡುವೆ ಕಡ್ಡಿ ಇಟ್ಟು, ಗಾಳಿ ಆಡುವ ಹಾಗೆ. ಒಳಗಿನ ಗಾಳಿಗೆ ಒಗ್ಗದ ಮರ ಕೊಯ್ದ ಮೇಲೆ ಸೊಟ್ಟಗಾಗುತ್ತದೆ.

ಜಾಸ್ತಿ ಸಮಯ ಹಿಡಿದದ್ದು ಪಟ್ಟಿ ಮತ್ತು ಕಾಲು ಸೇರುವ ಜಾಗ. ಕಾಲಿನಲ್ಲಿ ಉದ್ದನೆಯ ಗುಳಿ, ಪಟ್ಟಿಯ ತುದಿಯಲ್ಲಿ ಅದರೊಳಗೆ ಕೂರುವ ನಾಲಿಗೆ. ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೇ ಒಂದು ಭಾಗದಷ್ಟು, ಉದ್ದ 1 ಇಂಚು. ಗುಳಿಯನ್ನು ಮೊದಲು ಮಾಡಿ, ಅದಕ್ಕೆ ಹೊಂದುವ ಹಾಗೆ ನಾಲಿಗೆಯನ್ನು ಕೆತ್ತುವುದೇ ಸುಲಭ. ನಾಲಿಗೆಯನ್ನು ಉಳಿಯಿಂದ ತೆಳುವಾಗಿ ಸವರಬಹುದು, ಗುಳಿಯನ್ನು ತಿದ್ದುವುದು ಕಷ್ಟ ಅಲ್ವಾ? ಡ್ರಿಲ್‌ನಿಂದ ಸಾಲಾಗಿ ತೂತು ಕೊರೆದು, ಉಳಿದದ್ದನ್ನು ಉಳಿಯಿಂದ ತೆಗೆದೆ. ಕಾಲಿನ ಮೇಲ್ತುದಿಯಲ್ಲಿ ಅರ್ಧ ಇಂಚು ಹಾಗೇ ಬಿಟ್ಟೆ. ತುದಿಯವರೆಗೂ ಗುಳಿ ಮಾಡಿದರೆ ಅಲ್ಲೇ ಸೀಳುತ್ತದೆ. ಎರಡು ಕಡೆಯಿಂದ ಬರುವ ನಾಲಿಗೆಗಳು ಕಾಲಿನೊಳಗೆ ಡಿಕ್ಕಿ ಹೊಡೆಯುತ್ತವೆ. ಅದಕ್ಕೆ ಎರಡರ ತುದಿಯನ್ನೂ ಓರೆಯಾಗಿ ಕೊಯ್ದೆ.

ಕೈಯಿಂದ ಒತ್ತಿದರೆ ನಾಲಿಗೆ ಒಳಗೆ ಕೂರಬೇಕು. ಸುತ್ತಿಗೆಯಿಂದ ಬಡಿಯಬೇಕಾದರೆ ಬಿಗಿ ಜಾಸ್ತಿಯಾಯಿತು, ತಾನಾಗಿ ಜಾರಿಬಿದ್ದರೆ ಸಡಿಲ. ಎಂಟು ನಾಲಿಗೆಗೆ ನನಗೆ ಎರಡು ರಜಾ ದಿನ ಬೇಕಾಯಿತು. ಆತುರಪಡಬೇಡಿ, ಬೆಂಚಿನ ಗಟ್ಟಿತನ ಇರುವುದೇ ಇಲ್ಲಿ.

ಅಂಟು ಹಾಕುವ ಮುಂಚೆ ಎಲ್ಲವನ್ನೂ ಸುಮ್ನೆ ಒಮ್ಮೆ ಜೋಡಿಸಿ ನೋಡಿದೆ. ಮೊದಲ ದಿನ ಎರಡು ಗಿಡ್ಡ ಬದಿ, ಮರುದಿನ ಉದ್ದದ ಪಟ್ಟಿ. ಕ್ಲಾಂಪ್ ಬಿಗಿದ ತಕ್ಷಣ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದೆ. ಒಂದು ಕಡೆ ಕಾಲಿಂಚು ಹೆಚ್ಚಿತ್ತು, ಅಂದರೆ ಕಟ್ಟು ಓರೆಯಾಗಿತ್ತು. ಕ್ಲಾಂಪನ್ನು ಸ್ವಲ್ಪ ಓರೆ ಮಾಡಿ ಸಮ ಮಾಡಿದೆ. ಅಂಟು ಒಣಗಿದ ಮೇಲಾದರೆ ಏನೂ ಮಾಡಲಾಗುತ್ತಿರಲಿಲ್ಲ. ಹೊರಬಂದ ಅಂಟನ್ನು ಹಸಿಯಿದ್ದಾಗ ಒರೆಸಲಿಲ್ಲ. ಅರೆ ಒಣಗಿದ ಮೇಲೆ ಉಳಿಯಿಂದ ಎಬ್ಬಿಸಿದೆ. ಹಸಿ ಅಂಟು ಮರಕ್ಕೆ ಮೆತ್ತಿಕೊಂಡರೆ ಅಲ್ಲಿ ಎಣ್ಣೆ ಹಿಡಿಯುವುದಿಲ್ಲ.

ಹಲಗೆಯನ್ನು ಮಾತ್ರ ಅಂಟಿಸಬಾರದು. ಮರ ಉದ್ದಕ್ಕೆ ಅಷ್ಟಾಗಿ ಬದಲಾಗದು, ಅಗಲಕ್ಕೆ ಉಬ್ಬುತ್ತದೆ, ಕುಗ್ಗುತ್ತದೆ. ಗಿಡ್ಡ ಪಟ್ಟಿಗಳ ಒಳಬದಿಗೆ ಮರದ ತುಂಡು ಕೂರಿಸಿ, ಅದರ ಮೂಲಕ ಕೆಳಗಿನಿಂದ ಸ್ಕ್ರೂ ಹಾಕಿದೆ. ನಡುವಿನ ತೂತು ಗುಂಡಗೆ, ಪಕ್ಕದವು ಅಗಲದ ದಿಕ್ಕಿಗೆ ಉದ್ದಗೆ. ಹಲಗೆ ಉಬ್ಬಿದರೂ ಸ್ಕ್ರೂ ಜೊತೆಗೇ ಸರಿಯುತ್ತದೆ, ಸೀಳು ಬರುವುದಿಲ್ಲ.

ಆಮೇಲೆ ಉಪ್ಪುಕಾಗದ: ದೊರಗಿನಿಂದ ನಯಕ್ಕೆ 80, 120, 180 ನಂಬರಿನವು, ಯಾವಾಗಲೂ ಮರದ ಎಳೆಯ ಉದ್ದಕ್ಕೆ. ತೊಡೆಗೆ ತಾಗುವ ಅಂಚನ್ನು ಚೆನ್ನಾಗಿ ಉರುಟು ಮಾಡಿದೆ. ಅಗಸೆ ಎಣ್ಣೆ ಎರಡು ಸಲ, ತೆಳುವಾಗಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಗಿಸಿ.

ಹಲಗೆಯ ಅಡಿಯಲ್ಲಿ ಹಳೆಯ ಸ್ಕ್ರೂ ತೂತುಗಳು ಇನ್ನೂ ಇವೆ, ಮುಚ್ಚಲಿಲ್ಲ. ಈಗ ಮೂವರು ಕೂತು ಸರಿದಾಡಿದರೂ ಬೆಂಚು ಅಲುಗಾಡುವುದಿಲ್ಲ.