ಬಿಜೈಯ ಓಣಿಯೊಳಗೆ ಡೆಲಿವರಿ ಕಿಚನ್: ನನ್ನ ಅನುಭವ

ಮಂಗಳೂರಿನ ಬಿಜೈಯಲ್ಲಿ, ಮನೆಗಳ ಮಧ್ಯೆ ಡೆಲಿವರಿ ಕಿಚನ್ (ಕೂತು ಊಟ ಇಲ್ಲ, ಆ್ಯಪ್ ಆರ್ಡರಿನ ಪಾರ್ಸೆಲ್ ಮಾತ್ರ) ಹಾಕ್ತೇನೆ ಅಂದಾಗ ಫೀಲ್ಡಲ್ಲಿರುವವರೇ ಹೇಳಿದ್ದು, 6 ತಿಂಗಳಲ್ಲಿ ಓಣಿಯವರು ಓಡಿಸ್ತಾರೆ ಮಾರಾಯ್ರೆ ಅಂತ. ಈಗ ಮೂರನೇ ಮಳೆಗಾಲ, ದಿನಕ್ಕೆ 90 ಆರ್ಡರ್ ಹತ್ತಿರ ಉಂಟು, ಓಣಿಯಿಂದ ಕಂಪ್ಲೇಂಟ್ ಇಲ್ಲ.

ಮೊದಲ ವರ್ಷ ಅವರು ಹೇಳಿದ ಹಾಗೇ ಆಗ್ತಿತ್ತು. ಘೀ ರೋಸ್ಟಿಗೆ ಬ್ಯಾಡಗಿ ಮೆಣಸು ಹುರಿದ್ರೆ ಎದುರು ಮನೆ ಆಂಟಿಗೆ ಕೆಮ್ಮು, "ಮಗಾ, ಒಣಗಿಸಿದ ಬೆಡ್‌ಶೀಟಿಗೂ ಸುಕ್ಕ ಮಸಾಲೆಯ ವಾಸನೆ" ಅಂತ ಬಂದು ಹೇಳಿದ್ರು, ತಪ್ಪು ನನ್ನದೇ, ಅಡಿಗೆ ಹೊಗೆ ಹೊರಗೆ ಬಿಡುವ ಡಕ್ಟಿನ ಬಾಯಿ ಓಣಿಗೇ ಇತ್ತು. ಆ ಡಕ್ಟಿಗೆ ಹಾಕಿದ 38 ಸಾವಿರ ವೇಸ್ಟ್. ಮಾಡಿನ ಮೇಲಿಂದ ಎತ್ತರಿಸಿ, ಹೊಗೆ ಎಳೆಯುವ ಬ್ಲೋವರ್ ಫ್ಯಾನಿನ ಕೆಳಗೆ ಸದ್ದು ಕಮ್ಮಿಯಾಗ್ಲಿಕ್ಕೆ ರಬ್ಬರ್ ಕೊಟ್ಟು ಮತ್ತೆ ಮಾಡಿಸ್ಲಿಕ್ಕೆ 55 ಸಾವಿರ, ನಮ್ಮದು 5 ಪರ್ಸೆಂಟ್ ಜಿಎಸ್‌ಟಿ ಆದ್ದರಿಂದ ಅದರ ಮೇಲೆ ಕಟ್ಟಿದ ಟ್ಯಾಕ್ಸನ್ನು ನಮ್ಮ ಟ್ಯಾಕ್ಸಲ್ಲಿ ಕಳೆಯುವ ಇನ್‌ಪುಟ್ ಕ್ರೆಡಿಟೂ ಇಲ್ಲ.

ಜೂನಿನ ಮೊದಲ ಜೋರು ಮಳೆಗೆ ಚರಂಡಿ ಉಕ್ಕಿ ನಮ್ಮ ಎಣ್ಣೆ ಜಿಡ್ಡು ಪಕ್ಕದ ಮನೆಯ ಮಲ್ಲಿಗೆ ಬುಡಕ್ಕೆ ಹೋಯ್ತು, ಬಿಳಿ ಬಿಳಿ ಪದರ ಕಟ್ಟಿತ್ತು, ನೋಡಿ ನನಗೇ ಬೇಜಾರಾಯ್ತು. ಮರುವಾರವೇ ಎರಡು ಚೇಂಬರಿನ ಗ್ರೀಸ್ ಟ್ರ್ಯಾಪ್ (ಜಿಡ್ಡು ಚರಂಡಿಗೆ ಹೋಗದ ಹಾಗೆ ಹಿಡಿಯುವ ತೊಟ್ಟಿ) ಹಾಕಿಸಿದೆ, 12 ಸಾವಿರ ಇರಬೇಕು. 3 ದಿನಕ್ಕೊಮ್ಮೆ ಕ್ಲೀನ್ ಮಾಡ್ಲೇಬೇಕು, ಇಲ್ಲದಿದ್ರೆ ಹಾಕಿದ್ದು ವೇಸ್ಟ್.

ನಿಜವಾದ ತಲೆನೋವು ರೈಡರ್‌ಗಳದ್ದು. ರಾತ್ರಿ 8ರಿಂದ 9.30, ಹತ್ತು ಹನ್ನೆರಡು ಬೈಕ್, ಹಾರ್ನ್, ಮಳೆ ಬಂದ್ರೆ ಕಂಡವರ ಚಾವಡಿಗೆ ಹತ್ತಿ ನಿಲ್ಲುದು, ಪಾಪ ಅವರಾದ್ರೂ ಎಲ್ಲಿ ನಿಲ್ಲಬೇಕು. ಮೇನ್ ರೋಡಲ್ಲಿ ಹಳೇ ಟೈಲರ್ ಅಂಗಡಿಯೊಂದು ಖಾಲಿ ಇತ್ತು, 4,500 ಬಾಡಿಗೆಗೆ ಹಿಡಿದೆ, ಆ್ಯಪಲ್ಲಿ ಪಿಕಪ್ ಪಿನ್ ಅಲ್ಲಿಗೆ ಹಾಕಿಸಿದೆ, ಹುಡುಗ ಹಾಟ್ ಬಾಕ್ಸಲ್ಲಿ ಪಾರ್ಸೆಲ್ ಅಲ್ಲಿಗೆ ಒಯ್ತಾನೆ. ಊಟ ತಣಿಯುತ್ತೆ, ರೇಟಿಂಗ್ ಬೀಳುತ್ತೆ ಅಂದ್ರು ಎಲ್ಲರೂ. ಹೆಚ್ಚಾದದ್ದು 3 ನಿಮಿಷ, ರೇಟಿಂಗ್ 3.9 ಇದ್ದದ್ದು 4.3 ಆಯ್ತು, ಯಾಕಂದ್ರೆ ರೈಡರ್‌ಗೆ ಓಣಿ ಹುಡುಕುವ ಕೆಲಸ ಇಲ್ಲ, ಬೆಂಚು, ಕುಡಿಯುವ ನೀರು, ಚಾರ್ಜಿಂಗ್ ಇಟ್ಟಿದ್ದೇನೆ, ನಮ್ಮ ಆರ್ಡರ್ ಖುಷಿಯಿಂದ ತಗೊಳ್ತಾರೆ.

ನಡುವೆ ನೀರುದೋಸೆ ಪಾರ್ಸೆಲ್ ಕಟ್ಟುದರದ್ದೂ ಒಂದು ಪ್ರಯೋಗ ಆಯ್ತು. ಒಂದರ ಮೇಲೊಂದು ಇಟ್ರೆ ಮುದ್ದೆ, ಬಟರ್ ಪೇಪರಲ್ಲಿ ಬೆವರುತ್ತೆ. ಗೆರಸೆ (ಮೊರ) ಮೇಲೆ ಒಂದು ನಿಮಿಷ ಆರಿಸಿ, ಮಡಚಿ, ಬಾಳೆಲೆಯಲ್ಲಿಟ್ರೆ ಮಾತ್ರ ಬಿಡಿಬಿಡಿ ಬರುತ್ತೆ. ಕೋರಿ ರೊಟ್ಟಿ (ಕೋಳಿ ಸಾರಿನ ಜೊತೆ ಗರಿಗರಿ ಅಕ್ಕಿ ರೊಟ್ಟಿ) ಮಳೆಗಾಲದಲ್ಲಿ ಇನ್ನೂ ಸರಿಯಾಗಿಲ್ಲ, ರೊಟ್ಟಿ ಮೆತ್ತಗಾಗ್ತದೆ.

ಓಣಿಗೆ ಸದ್ದಾಗ್ಬಾರ್ದು ಅಂತ ಬ್ಲೋವರ್ ಮಾತ್ರ ರಾತ್ರಿ 10.30ಕ್ಕೆ ಬಂದ್, ಆಮೇಲೆ ಅಡಿಗೆ ಇಲ್ಲ. ದಿನಕ್ಕೆ 15 ಆರ್ಡರ್ ಬಿಟ್ಟ ಹಾಗಾಯ್ತು, ಆದ್ರೆ ಮೂರು ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ.