ಮೆಟ್ನರ್‌ನ ಸೊನಾಟಾಗಳು: ಕೊನೆಯಿಂದ ಮೊದಲಿಗೆ ಕಲಿತ ಅನುಭವ

ರಷ್ಯದ ಸಂಯೋಜಕ, ಪಿಯಾನೊ ವಾದಕ ನಿಕೊಲಾಯ್ ಮೆಟ್ನರ್‌ನ 14 ಪಿಯಾನೊ ಸೊನಾಟಾಗಳನ್ನು (ಒಂದೋ ಹಲವೋ ಭಾಗಗಳ ದೊಡ್ಡ ವಾದ್ಯಕೃತಿಗಳನ್ನು) ಕೊನೆಯದರಿಂದ ಶುರುಮಾಡುತ್ತೇನೆ ಎಂದಾಗ ಜೊತೆಯ ವಾದಕರು ಒಪ್ಪಲಿಲ್ಲ. ‘ಅವನ ಶೈಲಿ ಬದಲಾಗಿಯೇ ಇಲ್ಲ, ಎಲ್ಲಿಂದ ಹಿಡಿದರೂ ಒಂದೇ’ ಎಂದರು. ಹಾರ್ಮನಿಯ, ಅಂದರೆ ಸ್ವರಗಳ ಹೊಂದಾಣಿಕೆಯ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಬದಲಾದದ್ದು ದನಿಗಳ ಹೆಣಿಗೆ ಮತ್ತು ಕೃತಿಯ ಕಟ್ಟಣೆ. ಅದು ಮೊದಲು ಕೈಗೆ ತಿಳಿಯುತ್ತದೆ.

ಕಾಲಾನುಕ್ರಮದಲ್ಲಿ ಹೋಗಿ ಒಮ್ಮೆ ಸೋತಿದ್ದೆ. 1903ರಲ್ಲಿ ಮುಗಿದ ಓಪಸ್ 5 (ಓಪಸ್ ಎಂದರೆ ಕೃತಿಸಂಖ್ಯೆ) ನಾಲ್ಕು ಭಾಗದ್ದು, ತುಂಬು ಸ್ವರಗುಚ್ಛಗಳದ್ದು. ಐದು ತಿಂಗಳು ಹಿಡಿಯಿತು, ಎರಡು ತಂತಿ ಹರಿದವು, ಶ್ರುತಿ ಮಾಡುವ ಟ್ಯೂನರ್‌ಗೆ ಏಳೆಂಟು ಸಾವಿರ ರೂಪಾಯಿ ಹೋಯಿತು. ಆ ಭಾರದ ಕೈ ಓಪಸ್ 11ರ ಮೂರು ಸೊನಾಟಾಗಳಿಗೂ ಅಂಟಿಕೊಂಡು ಒಳದನಿಗಳೆಲ್ಲ (ಮೇಲಿನ ಮತ್ತು ಕೆಳಗಿನ ದನಿಗಳ ನಡುವಿನ ಸಾಲುಗಳು) ಮುಳುಗಿದ್ದು ಇನ್ನೂ ದೊಡ್ಡ ನಷ್ಟ.

ಎರಡನೇ ಸಲ ಓಪಸ್ 56ರ ‘ಇಡಿಲ್’ (1937) ಹಿಡಿದೆ. ಜಿ ಮೇಜರ್, ಎರಡೇ ಭಾಗ, ತೆಳು ಹೆಣಿಗೆ. ಮೂರು ವಾರ ನಾದ ಉಳಿಸುವ ಪೆಡಲ್ ಮುಟ್ಟದೆ ಒಂದೊಂದು ದನಿಯನ್ನೂ ಬಿಡಿಸಿ ನುಡಿಸಿದೆ, ಆಮೇಲೆ ಪೆಡಲನ್ನು ಕಾಲುಭಾಗ ಮಾತ್ರ ಒತ್ತಿ. ಡಿಜಿಟಲ್ ಪಿಯಾನೊದಲ್ಲೂ ಪ್ರಯತ್ನಿಸಿದೆ. ನನ್ನದರ ಪೆಡಲ್‌ಗೆ ಪೂರ್ತಿ ಅಥವಾ ಇಲ್ಲ, ಎರಡೇ ಗೊತ್ತು. ಪೆಡಲ್‌ನ ಅಳತೆ ಸಿಕ್ಕಿದ್ದು ಮೆಟ್ನರ್‌ನ ಸ್ವಂತ ಧ್ವನಿಮುದ್ರಣಗಳಿಂದ. ಅವನ ಮೂರೂ ಕನ್ಚರ್ಟೊಗಳು (ಪಿಯಾನೊ ಮತ್ತು ವಾದ್ಯವೃಂದದ ಕೃತಿಗಳು) ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದದ ಜೊತೆ ಮುದ್ರಣವಾದದ್ದು ನಮ್ಮ ಜಯಚಾಮರಾಜ ಒಡೆಯರ ನೆರವಿನಿಂದ. ಮೂರನೆಯದು ಅವರಿಗೇ ಅರ್ಪಿತ.

ಈ ಹಗುರ ಕೈಯಲ್ಲಿ ಓಪಸ್ 39ರ ‘ಟ್ರ್ಯಾಜಿಕಾ’ಕ್ಕೆ ಹೋದರೆ ಗದ್ದಲದ ನಡುವೆಯೂ ಒಳದನಿ ಕೇಳುತ್ತದೆ. ಅದನ್ನು ಒಂಟಿಯಾಗಿ ಕಲಿಯಬೇಡಿ. ಅದೇ ಓಪಸ್‌ನಲ್ಲಿ ಅದಕ್ಕೆ ಮೊದಲು ಬರುವ ‘ಕನ್ಜೋನಾ ಮಟಿನಾಟಾ’ ಎಂಬ ತುಣುಕಿನ ಥೀಮ್ ಅದರೊಳಗೆ ಮರಳುತ್ತದೆ, ಎರಡನ್ನೂ ಒಟ್ಟಿಗೆ ನುಡಿಸಬೇಕೆಂಬುದು ಮೆಟ್ನರ್‌ನದೇ ಇಚ್ಛೆ. ಸೊನಾಟಾ ಇಲ್ಲಿ ಒಂದು ಮಾಲೆಯ ಮಣಿ. ಆದರೆ ಓಪಸ್ 22ರ ಸೊನಾಟಾದಲ್ಲಿ ನಿಧಾನದ ‘ಇಂಟರ್ಲೂಡಿಯಮ್’ (ನಡುವಣ ತುಣುಕು) ಒಂದೇ ಭಾಗದ ಹೊಟ್ಟೆಯೊಳಗೆ ಕೂತಿದೆ.

ಎಲ್ಲಕ್ಕಿಂತ ಕಾಡಿದ್ದು ಸಂಯೋಜಕ ರಖ್ಮಾನಿನೊವ್‌ಗೆ ಅರ್ಪಿಸಿದ ‘ರಾತ್ರಿಗಾಳಿ’, ಓಪಸ್ 25ರ ಎರಡನೆಯದು (1911). ಹದಿನೈದು ಎಣಿಕೆಯ 15/8 ತಾಳವನ್ನು ಲಯ ಟಿಕ್ಕಿಸುವ ಮೆಟ್ರೊನೋಮ್‌ಗೆ ಕಟ್ಟಿದರೆ ಸಾಲು ಸಾಯುತ್ತದೆ. ಐದು ‘ತಕಿಟ’ ಹೇಳಿಕೊಂಡೆ, ಸರಿಹೋಯಿತು. ಒತ್ತು ಎಷ್ಟನೇ ತಕಿಟದ ಮೇಲೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಅದಕ್ಕೇ ಆರು ತಿಂಗಳು ಕೊಟ್ಟಿದ್ದೇನೆ. ಪುಟಗಳನ್ನು ಎ3 ಹಾಳೆಗೆ ಜೆರಾಕ್ಸ್ ಮಾಡಿಸಿ ಅಂಟಿಸಿ, ಮುನ್ನೂರು ರೂಪಾಯಿಯೊಳಗೆ ಪುಟ ತಿರುವುವವರ ಗೋಜು ತಪ್ಪಿಸಿಕೊಂಡೆ. ಮೊದಲು 41 ನಿಮಿಷ ಎಳೆಯುತ್ತಿದ್ದದ್ದು ಈಗ 34ರ ಆಸುಪಾಸು.

ಕೊನೆಗೆ ಓಪಸ್ 5ಕ್ಕೆ ಮರಳಿದಾಗ ಎರಡೇ ತಿಂಗಳು, ಒಂದು ತಂತಿಯೂ ಹರಿಯಲಿಲ್ಲ. ಒಪ್ಪದಿದ್ದವರಲ್ಲಿ ಇಬ್ಬರು ಈಗ ‘ಇಡಿಲ್’ನಿಂದಲೇ ಶುರುಮಾಡಿದ್ದಾರೆ. ಇನ್ನೊಂದು ಸೊನಾಟಾ ‘ಮಿನಚೋಸಾ’ದ ಫ್ಯೂಗ್ (ಒಂದೇ ಥೀಮನ್ನು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ಭಾಗ) ಮಾತ್ರ ಇನ್ನೂ ನನ್ನ ಹತೋಟಿಗೆ ಬಂದಿಲ್ಲ.